ಹೂ ಬಿಟ್ಟಾಗಲೇ ಕತ್ತರಿಸಬೇಕು

ಕಳೆ ಎಂದರೆ ಬುಡಸಮೇತ ಕೀಳಬೇಕು ಎಂಬುದು ನಮ್ಮ ರೂಢಿ. ಕೆನಡಾದ ವ್ಯಾಂಕೂವರ್ ದ್ವೀಪದ ಹುಲ್ಲುಗಾವಲುಗಳನ್ನು ಉಳಿಸಲು ಹೊರಟ ಸ್ವಯಂಸೇವಕರು ಮೊದಲು ಈ ರೂಢಿಯನ್ನೇ ಬಿಡಬೇಕಾಗುತ್ತದೆ.

ಗ್ಯಾರಿ ಓಕ್ ಮರಗಳ ನಡುವಿನ ಈ ಬಯಲುಗಳಲ್ಲಿ ಕ್ಯಾಮಸ್ ಎಂಬ ನೀಲಿ ಹೂವಿನ ಗೆಡ್ಡೆಗಿಡ ಬೆಳೆಯುತ್ತದೆ. ಮೂಲನಿವಾಸಿಗಳಿಗೆ ಅದರ ಗೆಡ್ಡೆ ಆಹಾರವಾಗಿತ್ತು. ಆಗಾಗ ಬೆಂಕಿಯಿಟ್ಟು ಅವರು ಬಯಲನ್ನು ಬಯಲಾಗಿಯೇ ಇರಿಸುತ್ತಿದ್ದರು. 1850ರಲ್ಲಿ ವಾಲ್ಟರ್ ಗ್ರಾಂಟ್ ಎಂಬ ವಲಸೆಗಾರ ಸೂಕ್ ಎಂಬಲ್ಲಿ ಯುರೋಪಿನ ಸ್ಕಾಚ್ ಬ್ರೂಮ್ ಬಿತ್ತಿದ. ಉಳಿದದ್ದು ಮೂರೇ ಗಿಡ ಎನ್ನುತ್ತಾರೆ. ಇಂದು ಈ ಹಳದಿ ಹೂವಿನ ಪೊದೆ ದ್ವೀಪದ ದಕ್ಷಿಣ ಭಾಗವನ್ನೆಲ್ಲ ಆವರಿಸುತ್ತಿದೆ.

ಬ್ರೂಮ್ ಬೀಜದ ಸಿಪ್ಪೆ ಗಟ್ಟಿ. ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದಿರುತ್ತದೆ. ದೊಡ್ಡ ಗಿಡವನ್ನು ಕಿತ್ತರೆ ಮಣ್ಣು ಮಗುಚಿ ಆ ಬೀಜಗಳು ಮೊಳೆಯುತ್ತವೆ, ಕ್ಯಾಮಸ್ ಗೆಡ್ಡೆಗಳೂ ಕಿತ್ತುಬರುತ್ತವೆ. ಆದ್ದರಿಂದ ಗರಗಸದಿಂದ ನೆಲಮಟ್ಟಕ್ಕೆ ಕತ್ತರಿಸುತ್ತಾರೆ, ಅದೂ ಹೂ ಬಿಟ್ಟಾಗ. ಆಗ ಬೇರಿನ ಆಹಾರಸಂಗ್ರಹ ಕಡಿಮೆ, ಮುಂದೆ ಒಣ ಬೇಸಗೆ. ಕಾಯಿ ಬಲಿಯಲು ಬಿಟ್ಟರೆ ಸಿಡಿದು ಬೀಜ ಎರಚುತ್ತದೆ. ಇದರ ಹಸಿರು ಕಾಂಡವೂ ದ್ಯುತಿಸಂಶ್ಲೇಷಣೆ ನಡೆಸುವುದರಿಂದ ಮೊಣಕಾಲೆತ್ತರದ ಮೋಟು ಬಿಟ್ಟರೆ ಮತ್ತೆ ಚಿಗುರೀತು. ಎಳೆಗಿಡಗಳನ್ನು ಮಾತ್ರ ಮಣ್ಣು ತೇವವಾಗಿರುವಾಗ ಕೀಳಬಹುದು.

ಇನ್ನೊಂದು ತೊಡಕಿದೆ. ಹುರುಳಿ, ತೊಗರಿಗಳಂತೆ ಬ್ರೂಮ್ ಬೇರುಗಂಟುಗಳಲ್ಲೂ ಸಾರಜನಕ ಸ್ಥಿರೀಕರಣ ನಡೆಯುತ್ತದೆ. ಹೊಲಕ್ಕೆ ಅದು ವರ. ಇಲ್ಲಿ ಅದರ ಲಾಭ ಸಿಗುವುದು ಬಡ ಮಣ್ಣಿಗೆ ಒಗ್ಗಿದ ಸ್ಥಳೀಯ ಗಿಡಗಳಿಗಲ್ಲ, ಹೊರಗಿನಿಂದ ಬಂದ ಹುಲ್ಲುಗಳಿಗೆ. ಹಾಗಾಗಿ ತೆರವಾದ ಜಾಗದಲ್ಲಿ ಸ್ಥಳೀಯ ಬೀಜ ಬಿತ್ತಿ ವರ್ಷವರ್ಷವೂ ಹೋಗಿ ನೋಡಬೇಕು. ಒಂದು ದಿನದ ಶ್ರಮದಾನಕ್ಕೆ ಮುಗಿಯುವ ಕೆಲಸವಲ್ಲ.

ನೀಲಗಿರಿಯ ಎತ್ತರದ ಹುಲ್ಲುಗಾವಲುಗಳಿಗೂ ಇದೇ ಬ್ರೂಮ್ ನುಗ್ಗಿದೆ. ಊಟಿ ಪ್ರವಾಸದಲ್ಲಿ ವಿದ್ಯಾರ್ಥಿಗಳಿಗೆ ತೋರಿಸಿ: ಏಣುಗಳಿರುವ ಹಸಿರು ಕಾಂಡ, ಬಟಾಣಿ ಹೂವಿನಾಕಾರದ ಹಳದಿ ಹೂ. ಮೈತುಂಬ ಮುಳ್ಳಿದ್ದರೆ ಅದು ಗಾರ್ಸ್, ಅಲ್ಲಿಗೆ ಬಂದ ಇನ್ನೊಂದು ಪರದೇಶಿ.