ಕಣ್ಣು ಮುಚ್ಚುವುದರೊಳಗೆ

ಸಾಯುವ ಮೊದಲು ಮಾಡಿ ಮುಗಿಸಬೇಕೆಂದುಕೊಂಡ ಕೆಲಸಗಳ ಪಟ್ಟಿಗೆ ‘ಬಕೆಟ್ ಲಿಸ್ಟ್’ ಎಂಬ ಹೆಸರು ಬಿದ್ದು ಇನ್ನೂ ಮೂರು ದಶಕ ತುಂಬಿಲ್ಲ. ಇಂಗ್ಲಿಷಿನ ಆಡುಮಾತಿನಲ್ಲಿ ಬಕೆಟ್ಟನ್ನು ಒದೆಯುವುದು ಎಂದರೆ ಸಾಯುವುದು. ಅಮೆರಿಕದ ಚಿತ್ರಕಥೆಗಾರ ಜಸ್ಟಿನ್ ಜ್ಯಾಕ್‌ಹ್ಯಾಮ್ ತನಗಾಗಿ ಬರೆದಿಟ್ಟುಕೊಂಡಿದ್ದ ಇಂಥದೊಂದು ಪಟ್ಟಿಯಿಂದಲೇ ಕಥೆ ಹೆಣೆದು, ಅದು ಜ್ಯಾಕ್ ನಿಕಲ್ಸನ್ ಮತ್ತು ಮಾರ್ಗನ್ ಫ್ರೀಮನ್ ನಟಿಸಿದ ಚಲನಚಿತ್ರವಾಗಿ 2007ರಲ್ಲಿ ತೆರೆಕಂಡ ಮೇಲೆ ಈ ಪದ ಎಲ್ಲೆಡೆ ಹಬ್ಬಿತು. ಮಂಡ್ಯ ಜಿಲ್ಲೆಯ ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಇದೇ ಅರ್ಥಕ್ಕೆ ‘ಕಣ್ಣು ಮುಚ್ಚೋದ್ರೊಳಗೆ’ ಎಂಬ ಮಾತು ಮೊದಲಿನಿಂದಲೂ ಇದೆ. ಕಣ್ಣು ಮುಚ್ಚುವುದರೊಳಗೆ ಮಗಳನ್ನು ಒಂದು ದಡ ಸೇರಿಸಬೇಕು, ಮೊಮ್ಮಗುವಿನ ಮುಖ ನೋಡಬೇಕು, ಅಡವಿಟ್ಟ ಜಮೀನನ್ನು ಬಿಡಿಸಿಕೊಳ್ಳಬೇಕು, ಕಾಶಿಗೆ ಹೋಗಿಬರಬೇಕು ಎಂದು ಸಾಗುವ ಈ ಪಟ್ಟಿಯನ್ನು ಯಾರೂ ಬರೆದಿಡುವುದಿಲ್ಲ. ಹಾಲಿವುಡ್ಡಿನ ಪಟ್ಟಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಇಲ್ಲಿ ಸುಖಪಡುವ ಬಾಬತ್ತುಗಳು ಕಡಿಮೆ, ಹೊರೆ ಇಳಿಸುವ ಬಾಬತ್ತುಗಳೇ ಹೆಚ್ಚು.

ಈ ಹೊರೆಯ ಕಲ್ಪನೆಗೆ ಶಾಸ್ತ್ರದ ಬೇರೂ ಇದೆ. ಮನುಷ್ಯ ಹುಟ್ಟುವಾಗಲೇ ದೇವತೆಗಳಿಗೆ, ಋಷಿಗಳಿಗೆ ಮತ್ತು ಪಿತೃಗಳಿಗೆ ಸಾಲಗಾರನಾಗಿ ಹುಟ್ಟುತ್ತಾನೆ, ಯಜ್ಞ, ಅಧ್ಯಯನ ಮತ್ತು ಸಂತಾನಗಳಿಂದ ಅದನ್ನು ತೀರಿಸಬೇಕು ಎಂಬ ವೈದಿಕ ಕಾಲದ ವಿಚಾರಕ್ಕೆ ಋಣತ್ರಯ ಎಂದು ಹೆಸರು. ಇದರ ಜೊತೆಗೆ ಬೆಳೆದು ಬಂದ ಸಪ್ತಸಂತಾನ ಎಂಬ ಕಲ್ಪನೆ ಇನ್ನೂ ಸ್ವಾರಸ್ಯಕರವಾದುದು. ಅದರ ಪ್ರಕಾರ ಮಗ ಮಾತ್ರವಲ್ಲದೆ ಕೆರೆ, ದೇವಾಲಯ, ತೋಪು, ಕಾವ್ಯ, ನಿಧಿ ಮತ್ತು ಅಗ್ರಹಾರಗಳೂ ಸಂತಾನವೇ ಆಗಿದ್ದು, ಇವುಗಳಲ್ಲಿ ಯಾವುದನ್ನು ಬಿಟ್ಟುಹೋದರೂ ಸತ್ತವನ ಹೆಸರು ಉಳಿಯುತ್ತದೆ. ವಿಜಯನಗರದ ಕಾಲದ ಲಕ್ಷ್ಮೀಧರಾಮಾತ್ಯನ ಹಂಪಿಯ ಶಾಸನದಲ್ಲಂತೂ, ಕೆರೆ ಕಟ್ಟಿಸುವುದರಿಂದ ಹಿಡಿದು ಶಿಷ್ಟರನ್ನು ಸಲಹುವವರೆಗಿನ ಕೆಲಸಗಳನ್ನು ತಾಯಿ ಹಾಲೂಡಿಸುವಾಗಲೇ ಮಗುವಿನ ಕಿವಿಯಲ್ಲಿ ಹೇಳಿದಳೆಂದು ಬರೆದಿದೆ; ಅಂದರೆ ಸಾಯುವುದರೊಳಗಿನ ಪಟ್ಟಿಯನ್ನು ಮಗು ಮಾತು ಕಲಿಯುವುದಕ್ಕೂ ಮೊದಲೇ ಅದರ ಕೈಗೆ ಕೊಟ್ಟಾಗಿತ್ತು.

ಹೆಸರು ಉಳಿಸುವ ಈ ಹಂಬಲಕ್ಕೆ ಮದ್ದೂರು ತಾಲ್ಲೂಕಿನಲ್ಲಿ ಇದಕ್ಕಿಂತ ಹಳೆಯದಾದ ಸಾಕ್ಷಿಯೊಂದಿದೆ. ಸುಮಾರು ಕ್ರಿ.ಶ. 949–50ರ ಆತಕೂರಿನ ಶಾಸನ, ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪಕ್ಷದಲ್ಲಿದ್ದ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿಯನ್ನು ಹೇಳುವುದರಿಂದ ಇತಿಹಾಸಕಾರರಿಗೆ ಮುಖ್ಯವಾದುದು. ಆದರೆ ಆ ಕಲ್ಲನ್ನು ನಿಲ್ಲಿಸಿದ್ದು ಯಾವ ಅರಸನಿಗಾಗಿಯೂ ಅಲ್ಲ, ಒಂದು ನಾಯಿಗಾಗಿ. ಆ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೆರನೆಂಬ ವೀರನು, ಮೆಚ್ಚಿದ ಅರಸ ಬೇಡಿದ್ದನ್ನು ಕೊಡುವೆನೆಂದಾಗ ಊರನ್ನಾಗಲಿ ಹೊನ್ನನ್ನಾಗಲಿ ಬೇಡದೆ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ಕಾಳಿ ಮುಂದೆ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿ ಹಂದಿಯೊಂದಿಗೆ ತಾನೂ ಸತ್ತಾಗ, ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿ ಬಿಟ್ಟು, ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಅಂದರೆ ಶೈವ ಅರ್ಚಕನಿಗೆ, ಪಾಪ ತಟ್ಟುವುದೆಂದು ಬರೆಸಲಾಯಿತು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮೇಲ್ಭಾಗದಲ್ಲಿ, ಸಾಲು ಸಾಲು ಅಕ್ಷರಗಳ ನಡುವೆ ಬಿಡಿಸಿಕೊಂಡ ಜಾಗದಲ್ಲಿ, ನಾಯಿ ಮತ್ತು ಹಂದಿ ಒಂದಕ್ಕೊಂದು ಸೆಣಸುತ್ತಿರುವುದು ಇಂದಿಗೂ ಕಾಣುತ್ತದೆ. ಯುದ್ಧ ಗೆದ್ದ ದೊರೆಗಳ ಹೆಸರು ಈ ಊರಿನಲ್ಲಿ ಉಳಿದದ್ದು ನಾಯಿಯ ದೆಸೆಯಿಂದ ಎಂದರೂ ತಪ್ಪಾಗದು.

ಅಮಾತ್ಯನಿಗೆ ಕೆರೆ, ವೀರನಿಗೆ ಕಲ್ಲು. ಅಷ್ಟು ಶಕ್ತಿಯಿಲ್ಲದ ಒಕ್ಕಲು ಮಕ್ಕಳು ತಮ್ಮ ಕೈಗೆಟುಕುವುದನ್ನು ಹುಡುಕಿಕೊಂಡರು. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರುಮಜ್ಜಿಗೆ ಕೊಡುವ ಅರವಟ್ಟಿಗೆ, ಅರಳಿಗೂ ಬೇವಿಗೂ ಮದುವೆ ಮಾಡಿ ಸುತ್ತ ಕಟ್ಟಿಸಿದ ಕಟ್ಟೆ, ತಲೆಯ ಮೇಲಿನ ಹೊರೆಯನ್ನು ಇನ್ನೊಬ್ಬರ ನೆರವಿಲ್ಲದೆ ಇಳಿಸಿ ಮತ್ತೆ ಹೊತ್ತುಕೊಳ್ಳಲು ಎದೆಯೆತ್ತರಕ್ಕೆ ನಿಲ್ಲಿಸಿದ ಕಲ್ಲುಗಳು ಹಳೆಯ ಮೈಸೂರಿನ ದಾರಿಗಳ ಬದಿಯಲ್ಲಿ ಹುಟ್ಟಿದ್ದು ಹೀಗೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಪಟ್ಟಿ ಬೇರೆಯಾಯಿತು, ಅದಕ್ಕೆ ಕಾರಣ ನಾಲೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಅಣೆಕಟ್ಟೆಯಿಂದ ಹೊರಟು, ಮೊದಲು ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆ, ಹುಲಿಕೆರೆಯ ಸುರಂಗವನ್ನು ಹಾದು ಮಂಡ್ಯ, ಮದ್ದೂರು, ಮಳವಳ್ಳಿಗಳ ಬೆದ್ದಲಿಗೆ, ಅಂದರೆ ಮಳೆಯನ್ನೇ ನಂಬಿದ ಒಣನೆಲಕ್ಕೆ, ನೀರು ತಂದಿತು. ಕೆನಡಾದಿಂದ ಬಂದು ಮೈಸೂರಿನ ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಉತ್ಸಾಹದಿಂದ ಕಬ್ಬು ಬಂದು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಆರಂಭವಾಗಿ, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೂ ಆಯಿತು. ಊರಿಗೆ ಕೆರೆ ಕಟ್ಟಿಸುವುದು ಸರ್ಕಾರದ ಕೆಲಸವೆಂದಾದ ಮೇಲೆ, ಕಣ್ಣು ಮುಚ್ಚುವುದರೊಳಗೆ ಮಾಡಬೇಕಾದ ಕೆಲಸಗಳು ಮನೆಯ ಹೊಸಿಲಿನೊಳಕ್ಕೆ ಸರಿದವು: ಎರಡು ಎಕರೆ ಗದ್ದೆ, ತಾರಸಿ ಮನೆ, ಅದ್ದೂರಿ ಮದುವೆ, ಮಗನಿಗೆ ಬೆಂಗಳೂರಿನಲ್ಲೊಂದು ನೌಕರಿ. ಇದನ್ನು ಸ್ವಾರ್ಥವೆಂದು ಹಳಿಯುವುದು ಸುಲಭ. ಆದರೆ ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕಟ್ಟಿದ ಜನಕ್ಕೆ ಅವೆರಡೂ ಕೆರೆ ಕಟ್ಟಿಸುವಷ್ಟೇ ಭಾರವೆಂಬುದು ಗೊತ್ತಿತ್ತು.

ಕಾಶಿ ಮಾತ್ರ ಪಟ್ಟಿಯಿಂದ ಜಾರಲಿಲ್ಲ. ಕಾಶಿಗೆ ಹೋದವರು ತಮಗೆ ಪ್ರಿಯವಾದ ಹಣ್ಣನ್ನೋ ತರಕಾರಿಯನ್ನೋ ಅಲ್ಲಿಯೇ ಬಿಟ್ಟು, ಬಾಯಿಗೆ ಬೆಸುಗೆ ಹಾಕಿದ ಅಂಗೈಯಗಲದ ತಾಮ್ರದ ಗಂಗೆತಂಬಿಗೆಯನ್ನು ತರುವುದುಂಟು. ದೇವರ ಗೂಡಿನಲ್ಲಿ ವರ್ಷಗಟ್ಟಲೆ ಕೂರುವ ಆ ತಂಬಿಗೆಯ ಬೆಸುಗೆ ಒಡೆಯುವುದು ಮನೆಯಲ್ಲಿ ಯಾರಿಗಾದರೂ ಕೊನೆಯ ಗುಟುಕು ಬಿಡಬೇಕಾದಾಗ. ಕಾಲ್ನಡಿಗೆಯ ಕಾಲದಲ್ಲಿ ಮರಳಿ ಬರುವ ಖಾತರಿಯಿಲ್ಲದೆ ಹೊರಡುತ್ತಿದ್ದ ಈ ಯಾತ್ರೆಯನ್ನು ರೈಲು ಹತ್ತಿರ ತಂದಿತು. 2022ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ದರ್ಶನ ರೈಲು ಹೊರಟಾಗ ಯಾತ್ರಿಕರಿಗೆ ರಾಜ್ಯ ಸರ್ಕಾರ ತಲಾ 5,000 ರೂಪಾಯಿ ಸಹಾಯಧನ ಕೊಟ್ಟಿತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣವನ್ನು ಉಚಿತವಾಗಿಸಿದ ಮೇಲೆ, ಧರ್ಮಸ್ಥಳವನ್ನೋ ಮಾದಪ್ಪನ ಬೆಟ್ಟವನ್ನೋ ‘ಒಂದ್ಸಲ ನೋಡ್ಬಿಡ್ಬೇಕು’ ಎಂದು ದಶಕಗಳಿಂದ ಮುಂದೂಡುತ್ತಿದ್ದವರು ಆಧಾರ್ ಕಾರ್ಡು ಹಿಡಿದು ಹೊರಟರು.

ಹೀಗೆ ಬಿಟ್ಟುಹೋಗುವ ಆಸೆ ಕ್ರಮೇಣ ನೋಡಿಬರುವ ಆಸೆಯಾಗುತ್ತಿದ್ದ ಕಾಲದಲ್ಲೇ, ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯಲ್ಲಿ ಒಬ್ಬರು ಹಳೆಯ ಪಟ್ಟಿಯನ್ನೇ ಹಿಡಿದಿದ್ದರು. ಕುಂದಿನಿ ಬೆಟ್ಟದಲ್ಲಿ ಕುರಿ ಮೇಯಿಸುತ್ತಿದ್ದ ಕಾಮೇಗೌಡರು, ನಾಲೆಯ ನೀರು ಹತ್ತಲಾರದ ಆ ಎತ್ತರದಲ್ಲಿ ಹಕ್ಕಿಗೂ ಮಿಕಕ್ಕೂ ಕುಡಿಯುವ ನೀರಿಲ್ಲದ್ದನ್ನು ಕಂಡು, ಮೊದಲು ಕೋಲಿನಿಂದ ಕೆದಕಿ, ಆಮೇಲೆ ಕುರಿ ಮಾರಿ ಬಂದ ದುಡ್ಡಿನಲ್ಲಿ ಸಲಕರಣೆ ಕೊಂಡು, ಇಳಿಜಾರಿನಲ್ಲಿ ಹರಿದು ಹೋಗುವ ಮಳೆನೀರು ನಿಲ್ಲುವಂತೆ ಕಟ್ಟೆಗಳನ್ನು ತೋಡುತ್ತಾ ಹೋದರು. ಈ ಕೆಲಸ ಸುಮಾರು ನಾಲ್ಕು ದಶಕ ನಡೆಯಿತು. ಸಪ್ತಸಂತಾನದ ಪಟ್ಟಿಯಲ್ಲಿ ಕೆರೆ ಕಟ್ಟಿಸುವವನು ದೊರೆ ಅಥವಾ ಧನಿಕ, ಅಗೆಯುವವನ ಹೆಸರು ಶಾಸನದಲ್ಲಿ ಬರುವುದೇ ಅಪರೂಪ. ಇಲ್ಲಿ ಕಟ್ಟಿಸಿದವರೂ ಅಗೆದವರೂ ಒಬ್ಬರೇ. ಬಹುಮಾನವಾಗಿ ಬಂದ ಹಣವನ್ನೂ ಅವರು ಮಣ್ಣಿಗೇ ಹಾಕಿದರು. 2020ರ ಜೂನ್ 28ರ ‘ಮನ್ ಕಿ ಬಾತ್’ ಬಾನುಲಿ ಭಾಷಣದಲ್ಲಿ ಪ್ರಧಾನಿಯವರು ಅವರ 16 ಕಟ್ಟೆಗಳ ಮಾತೆತ್ತಿದಾಗ ದಾಸನದೊಡ್ಡಿಯ ಹೆಸರು ದೇಶಕ್ಕೆಲ್ಲ ತಿಳಿಯಿತು.

ಅದಾದ ಮೇಲೆ ಸಾರಿಗೆ ನಿಗಮ ಅವರಿಗೆ ಜೀವನಪರ್ಯಂತ ಉಚಿತವಾಗಿ ಓಡಾಡುವ ಬಸ್ ಪಾಸ್ ಕೊಟ್ಟಿತು. ಬದುಕಿನ ಅರ್ಧವನ್ನು ಒಂದೇ ಬೆಟ್ಟದಲ್ಲಿ ಕಳೆದ ಮನುಷ್ಯನಿಗೆ ನಾಡೆಲ್ಲ ತಿರುಗುವ ಚೀಟಿ ಸಿಕ್ಕಾಗ ವಯಸ್ಸು ಎಂಬತ್ತು ದಾಟಿತ್ತು. 2022ರ ಅಕ್ಟೋಬರ್ 17ರಂದು ಅವರು ತೀರಿಕೊಂಡರು. ಆ ವರ್ಷ ಮಂಡ್ಯ ಜಿಲ್ಲೆಯಲ್ಲಿ ಮಳೆ ಚೆನ್ನಾಗಿ ಬಿದ್ದಿತ್ತು.