ಸಿಪಿಆರ್ ಕ್ಲಾಸ್ ಮುಗಿಯಿತು, ಕೈ ಕಲಿಯಿತೇ?



ಬೋಡಕ್‌ದೇವ್ ಸುತ್ತಮುತ್ತ ಆಫೀಸು, ಅಂಗಡಿ, ಹೋಟೆಲು ನಡೆಸುವ ನಮ್ಮವರು ಈಚೆಗೆ ಆಗಾಗ ಕೇಳುತ್ತಾರೆ: "ಡಾಕ್ಟ್ರೇ, ನಮ್ಮ ಸ್ಟಾಫ್‌ಗೆ ಒಂದು ಗಂಟೆ ಸಿಪಿಆರ್ ಹೇಳಿಕೊಡ್ತೀರಾ?" ಖಂಡಿತ ಬರುತ್ತೇನೆ. ಆದರೆ ಆ ಒಂದು ಗಂಟೆಯನ್ನೇ ನಂಬಿ ಕೂರಬೇಡಿ.

2021ರಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ನಾವೆಲ್ಲ ಬೆಚ್ಚಿಬಿದ್ದೆವು. 2023ರ ನವರಾತ್ರಿಯಲ್ಲಿ ಗರ್ಬಾ ಆಡುತ್ತಲೇ ಕುಸಿದವರ ಸುದ್ದಿ ಗುಜರಾತನ್ನು ನಡುಗಿಸಿತು. ಅದೇ ಡಿಸೆಂಬರ್‌ನಲ್ಲಿ ಸರ್ಕಾರ ಸುಮಾರು 2 ಲಕ್ಷ ಶಾಲಾ ಶಿಕ್ಷಕರಿಗೆ ಸಿಪಿಆರ್ ತರಬೇತಿ ಹಮ್ಮಿಕೊಂಡಿತು. ಒಳ್ಳೆಯ ಕೆಲಸ. ತೊಂದರೆ ಏನೆಂದರೆ, ಅಭ್ಯಾಸವಿಲ್ಲದಿದ್ದರೆ ಈ ಕೌಶಲ ಮೂರರಿಂದ ಆರು ತಿಂಗಳಲ್ಲೇ ಮಸುಕಾಗುತ್ತದೆ. ಸರ್ಟಿಫಿಕೇಟು ಗೋಡೆಯ ಮೇಲೆ ಉಳಿಯುತ್ತದೆ, ಅಷ್ಟೇ. ಇತ್ತ ಹೃದಯ ನಿಂತ ಮೇಲೆ ಸಿಪಿಆರ್ ಇಲ್ಲದೆ, ಶಾಕ್ ಕೊಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ.

ಇಲ್ಲಿ ನೆರವಿಗೆ ಬರುವುದು ವರ್ತನಾ ವಿಶ್ಲೇಷಣೆ. ಒಂದು ಕೆಲಸಕ್ಕೆ ಮುಂಚೆ ಯಾವ ಸೂಚನೆ ಇತ್ತು, ಮಾಡಿದ ಮೇಲೆ ಏನು ಸಿಕ್ಕಿತು ಎಂದು ನೋಡಿ, ಆ ಎರಡನ್ನೂ ಸರಿಪಡಿಸುವ ಶಾಸ್ತ್ರ. ಸುಮಾರು 1970ರ ಹೊತ್ತಿಗೆ ಅಮೆರಿಕದ ಎಮರಿ ಏರ್ ಫ್ರೈಟ್ ಎಂಬ ಸರಕು ಸಾಗಣೆ ಕಂಪನಿಯಲ್ಲಿ, ಸಣ್ಣ ಪೊಟ್ಟಣಗಳನ್ನು ದೊಡ್ಡ ಕಂಟೇನರಿಗೆ ಒಟ್ಟುಮಾಡಿ ತುಂಬುವ ಕೆಲಸ ಶೇ. 90ರಷ್ಟು ಸರಿಯಾಗಿ ನಡೆಯುತ್ತಿದೆ ಎಂದೇ ಎಲ್ಲರ ನಂಬಿಕೆ. ಎಣಿಸಿದರೆ ಶೇ. 45! ಕೆಲಸಗಾರರ ಕೈಗೇ ಗುರುತು ಹಾಕುವ ಪಟ್ಟಿ ಕೊಟ್ಟು, ಸುಧಾರಿಸಿದಾಗ ಮೇಲಿನವರು ಮೆಚ್ಚಿ ಹೇಳಿದ ಮೇಲೆ ಅದು ಶೇ. 95ಕ್ಕೆ ಏರಿತು.

ನಮ್ಮ ಉಡುಪಿ ಹೋಟೆಲಿನ ಭಟ್ಟರಿಗೆ ಇದು ಹೊಸತಲ್ಲ. ದೋಸೆ ಹುಯ್ಯುವುದನ್ನು ಯಾರೂ ಭಾಷಣದಿಂದ ಕಲಿಸುವುದಿಲ್ಲ. ಹೇಳುತ್ತಾರೆ, ತೋರಿಸುತ್ತಾರೆ, ಹುಡುಗನ ಕೈಗೇ ಸೌಟು ಕೊಡುತ್ತಾರೆ, ಕಾವಲಿ ಮುಂದೆಯೇ ನಿಂತು "ಹಿಟ್ಟು ಹೆಚ್ಚಾಯ್ತು, ನಡುವಿನಿಂದ ಸುತ್ತು" ಎನ್ನುತ್ತಾರೆ. ಸಿಪಿಆರ್‌ಗೂ ಇದೇ ನಾಲ್ಕು ಹಂತ. ಹೆಚ್ಚಿನ ಕ್ಲಾಸುಗಳು ಎರಡನೆಯದಕ್ಕೇ ನಿಂತುಬಿಡುತ್ತವೆ.

ಹಾಗಾಗಿ ಗೊಂಬೆ ತರಿಸಿ, ಪ್ರತಿಯೊಬ್ಬರಿಂದಲೂ ಮಾಡಿಸಿ. ಎದೆಯ ನಡುವೆ, ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂ.ಮೀ. ಆಳ, ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಬೇಕು. ಪಕ್ಕದಲ್ಲೊಬ್ಬರು ಗಡಿಯಾರ ಹಿಡಿದು ಎಣಿಸಲಿ. "ಚೆನ್ನಾಗಿದೆ" ಎಂದರೆ ಏನೂ ಹೇಳಿದಂತಾಗಲಿಲ್ಲ. "ವೇಗ ಸರಿಯಿದೆ, ಇನ್ನಷ್ಟು ಆಳಕ್ಕೆ ಒತ್ತು" ಎಂದು ಆಗಲೇ ಹೇಳಿ. ಎಲ್ಲರೆದುರು ಬೈದರೆ ಮುಂದಿನ ಸಲ ಅವನು ಗೊಂಬೆಯ ಹತ್ತಿರವೇ ಸುಳಿಯುವುದಿಲ್ಲ. ಆಮೇಲೆ ತಿಂಗಳಿಗೊಮ್ಮೆ, ಸಂಬಳದ ದಿನವೇ ಆಗಲಿ, ತಲಾ ಎರಡು ನಿಮಿಷ ಅಭ್ಯಾಸ; ಹೆಸರಿನ ಮುಂದೆ ಒಂದು ಗುರುತು. ವಾಚ್‌ಮನ್, ಲಿಫ್ಟ್‌ಮನ್ ಇಬ್ಬರನ್ನೂ ಸೇರಿಸಿ, ಗುಜರಾತಿಯಲ್ಲೋ ಹಿಂದಿಯಲ್ಲೋ ಹೇಳಿ. ನಮ್ಮ ಇಂಗ್ಲಿಷ್ ಸ್ಲೈಡುಗಳು ಅವರಿಗೆ ಯಾತಕ್ಕೂ ಬಾರವು.

ಗೊಂಬೆ ಇಲ್ಲವೇ? ಗಟ್ಟಿ ದಿಂಬಿನ ಮೇಲೆ ವೇಗವನ್ನಾದರೂ ರೂಢಿಸಿಕೊಳ್ಳಬಹುದು. ಆರೋಗ್ಯವಂತರ ಎದೆಯ ಮೇಲೆ ಮಾತ್ರ ಎಂದೂ ಅಭ್ಯಾಸ ಮಾಡಬೇಡಿ.

ಸೂಚನೆಯನ್ನೂ ಅಭ್ಯಾಸ ಮಾಡಿಸಬೇಕು. ಕರೆದರೂ, ಭುಜ ತಟ್ಟಿದರೂ ಎಚ್ಚರವಿಲ್ಲ, ಉಸಿರಿಲ್ಲ. ಅಥವಾ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಏದುಸಿರು ಎಳೆದಂತೆ ಕಾಣುತ್ತದೆ. ಅದು ಉಸಿರಾಟವಲ್ಲ. ಅದನ್ನು ಉಸಿರೆಂದುಕೊಂಡು ನೀರು ಚಿಮುಕಿಸುತ್ತ ಕೂತೇ ಎಷ್ಟೋ ಜೀವ ಹೋಗಿದೆ. ಒಬ್ಬರು ಕೂಡಲೇ ಒತ್ತಲು ಶುರುಮಾಡಲಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ, ಮತ್ತೊಬ್ಬರು ಗೇಟಿನ ಹತ್ತಿರ ಆಂಬುಲೆನ್ಸ್‌ಗೆ ಕಾಯಲಿ. ಯಾರು ಯಾವುದಕ್ಕೆ ಎಂದು ಇವತ್ತೇ ಹೆಸರು ಬರೆದು ಗೋಡೆಗೆ ಅಂಟಿಸಿ.