ಇ-ಸ್ವತ್ತು

ಇ-ಸ್ವತ್ತು ಎಂಬುದು ಕರ್ನಾಟಕದ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆ, ನಿವೇಶನ ಮುಂತಾದ ಕೃಷಿಯೇತರ ಸ್ವತ್ತುಗಳ ದಾಖಲೆ ನಿರ್ವಹಿಸುವ ಗಣಕೀಕೃತ ವ್ಯವಸ್ಥೆ. ರಾಜ್ಯದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು ಇದನ್ನು 2013ರಲ್ಲಿ ಜಾರಿಗೆ ತಂದಿತು.

ಹಿನ್ನೆಲೆ

ಕೃಷಿ ಜಮೀನಿನ ಪಹಣಿಗಳನ್ನು ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯು 2000ದ ದಶಕದ ಆರಂಭದಲ್ಲಿಯೇ ಗಣಕೀಕರಿಸಿತ್ತು. ಮನೆ, ನಿವೇಶನಗಳ ವಿವರ ಮಾತ್ರ ಪಂಚಾಯಿತಿಯ ಕೈಬರಹದ ವಹಿಗಳಲ್ಲಿ ಉಳಿದಿತ್ತು. ವಿಜಯಪುರ ಜಿಲ್ಲೆಯ ಕಡೆ ‘ಉತಾರ’ ಎನ್ನಲಾಗುವ ಈ ದಾಖಲೆಯ ಪ್ರತಿಯನ್ನು ತಿದ್ದುವುದಕ್ಕೂ ಅನಧಿಕೃತ ನಿವೇಶನ ಮಾರುವುದಕ್ಕೂ ಇದರಿಂದ ಆಸ್ಪದವಿತ್ತು.

ಕಾರ್ಯವಿಧಾನ

ಗ್ರಾಮಠಾಣಾದೊಳಗಿನ, ಭೂಪರಿವರ್ತನೆಯಾಗಿ ವಿನ್ಯಾಸಕ್ಕೆ ಅನುಮೋದನೆ ಪಡೆದ ಅಥವಾ ಸರ್ಕಾರಿ ವಸತಿ ಯೋಜನೆಯಡಿ ಹಂಚಿಕೆಯಾದ ಸ್ವತ್ತುಗಳಿಗೆ ನಮೂನೆ-9 ನೀಡಲಾಗುತ್ತದೆ. ಗ್ರಾಮಠಾಣಾ ಸ್ವತ್ತಿನ ನಕ್ಷೆಯನ್ನು ಭೂಮಾಪನ ಇಲಾಖೆಯ ‘ಮೋಜಿಣಿ’ ಮೂಲಕ ಪಡೆಯಬೇಕು. ದಾಖಲೆಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯು ಡಿಜಿಟಲ್ ಸಹಿ ಮಾಡುತ್ತಾರೆ. ಮಾರಾಟದ ವೇಳೆ ಉಪನೋಂದಣಾಧಿಕಾರಿ ಕಚೇರಿಯ ‘ಕಾವೇರಿ’ ತಂತ್ರಾಂಶವು ಈ ವಿವರಗಳನ್ನು ಪಡೆದುಕೊಳ್ಳುತ್ತದೆ.

ಮಿತಿಗಳು

ಖಾತೆಯು ಮೂಲತಃ ತೆರಿಗೆಯ ದಾಖಲೆ, ಒಡೆತನದ ಹಕ್ಕುಪತ್ರವಲ್ಲ. ಹಳೆಯ ವಹಿಯಲ್ಲಿ ತೀರಿಹೋದ ಹಿರಿಯರ ಹೆಸರೇ ಇದ್ದರೆ ಅಥವಾ ಅಣ್ಣತಮ್ಮಂದಿರ ಪಾಲು ಬಾಯಿಮಾತಿನಲ್ಲಿಯೇ ಮುಗಿದಿದ್ದರೆ, ಅದನ್ನು ಗಣಕಯಂತ್ರವು ತಾನಾಗಿ ಸರಿಪಡಿಸಲಾರದು. ಇಂಡಿ ತಾಲ್ಲೂಕಿನ ಅಗರಖೇಡದಂತಹ ಹಳೆಯ ಊರುಗಳಲ್ಲಿ ತಲೆಮಾರುಗಳಿಂದ ವಾಸವಿರುವ ಕುಟುಂಬವೂ ಮೊದಲು ವಾರಸಾ ಅಥವಾ ವಿಭಾಗಪತ್ರದ ಮೂಲಕ ಹೆಸರು ಬದಲಿಸಿಕೊಳ್ಳಬೇಕಾಗುತ್ತದೆ. ಅಲ್ಲಿಯವರೆಗೆ ಆ ಮನೆಯನ್ನು ಮಾರುವುದಾಗಲಿ, ಅದರ ಮೇಲೆ ಬ್ಯಾಂಕ್ ಸಾಲ ಪಡೆಯುವುದಾಗಲಿ ಕಷ್ಟ. ಅಭಿವೃದ್ಧಿಶೀಲ ರಾಷ್ಟ್ರಗಳ ಸ್ಥಳೀಯ ಸಂಸ್ಥೆಗಳಲ್ಲಿ ಗಣಕೀಕರಣದ ಯಶಸ್ಸು ತಂತ್ರಾಂಶದಷ್ಟೇ ಮೂಲ ದಾಖಲೆಗಳ ಶುದ್ಧತೆಯನ್ನೂ ಅವಲಂಬಿಸಿದೆ ಎಂಬುದಕ್ಕೆ ಇ-ಸ್ವತ್ತು ಒಂದು ನಿದರ್ಶನ.